ಹುಡುಗನಿಗೆ ಏನು ಹೇಳಿಕೊಡಬೇಕು?

ಪ್ರಶ್ನೆ: ಮೇಡಂ, ನನ್ನ ಅಕ್ಕನ ಮಗನಿಗೆ 17 ವರ್ಷ. ಹೊಡೆದಾಟವೊಂದರಲ್ಲಿ ಒಬ್ಬ ಹುಡುಗ ತೀರಿಕೊಂಡ. ಇವನ ಮೇಲೆ ಕೊಲೆ ಕೇಸು ಹಾಕಿದ್ದಾರೆ. ಬಾಲ ನ್ಯಾಯ ಮಂಡಳಿಯವರು ಮುಂದಿನ ವಾರ ಸೈಕಾಲಜಿಸ್ಟ್ ಹತ್ತಿರ ಕಳಿಸುತ್ತಾರಂತೆ. ಸುಳ್ಳು ಪತ್ತೆ ಮಿಷನ್ ಹಾಕಿ ಬಾಯಿ ಬಿಡಿಸುತ್ತಾರಾ? ಅವನಿಗೆ ಏನು ಹೇಳಿಕೊಡಲಿ?
– ಹೆಸರು ಬೇಡ, ಹಾಸನ ಜಿಲ್ಲೆ

ಉತ್ತರ: ಏನೂ ಹೇಳಿಕೊಡಬೇಡಿ, ದಯವಿಟ್ಟು. ಬಾಯಿಪಾಠ ಮಾಡಿಕೊಂಡು ಬಂದ ಹುಡುಗ ಎರಡನೇ ಪ್ರಶ್ನೆಗೇ ತಡವರಿಸುತ್ತಾನೆ, ಆಮೇಲೆ ಅವನು ನಿಜ ಹೇಳಿದರೂ ನಂಬುವುದು ಕಷ್ಟ.

ಮಿಷನ್ ಭಯ ಬಿಡಿ. ಒಪ್ಪಿಗೆ ಇಲ್ಲದೆ ಯಾರಿಗೂ ಸುಳ್ಳು ಪತ್ತೆ, ಮಂಪರು ಪರೀಕ್ಷೆ ಮಾಡುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಆ ತೀರ್ಪು ಬಂದ ಸೆಲ್ವಿ ಕೇಸು ನಮ್ಮ ಕರ್ನಾಟಕದ್ದೇ.

ಸೈಕಾಲಜಿಸ್ಟ್ ಹತ್ತಿರ ಕಳಿಸುವುದು ಬೇರೆ ವಿಷಯ. 2015ರ ಬಾಲ ನ್ಯಾಯ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ, 16 ತುಂಬಿದವರ ಮೇಲೆ ಕೊಲೆಯಂಥ ಘೋರ ಅಪರಾಧದ ಆರೋಪ ಬಂದರೆ ಮಂಡಳಿ ಮೂರು ವಿಷಯ ನೋಡುತ್ತದೆ. ಅಂಥ ಕೆಲಸ ಮಾಡುವಷ್ಟು ದೇಹ, ಮನಸ್ಸು ಬೆಳೆದಿತ್ತಾ, ಮುಂದೇನಾಗುತ್ತದೆ ಅಂತ ತಿಳಿಯುತ್ತಿತ್ತಾ, ಯಾವ ಪರಿಸ್ಥಿತಿಯಲ್ಲಿ ನಡೆಯಿತು. ಮಾಡಿದನೋ ಇಲ್ಲವೋ ಅನ್ನುವುದು ಇಲ್ಲಿ ತೀರ್ಮಾನ ಆಗುವುದಿಲ್ಲ. ದೊಡ್ಡವರ ಥರ ವಿಚಾರಣೆ ಬೇಕಾ ಅನ್ನುವುದಷ್ಟೇ. ಮಂಡಳಿಯಲ್ಲಿ ಮಕ್ಕಳ ಮನಶ್ಶಾಸ್ತ್ರ ಓದಿದವರು ಇಲ್ಲದಿದ್ದರೆ ತಜ್ಞರ ನೆರವು ಪಡೆಯಲೇಬೇಕು ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ನಾನು ಮಾತಾಡಿಸಿದ ಒಬ್ಬ ಹುಡುಗ ಅರ್ಧ ಗಂಟೆ ಉಗುರಲ್ಲಿ ಮೇಜಿನ ಅಂಚು ಕೆರೆಯುತ್ತಾ ಕೂತಿದ್ದ. "ಗೊತ್ತಿಲ್ಲ ಮಿಸ್" ಬಿಟ್ಟರೆ ಬೇರೆ ಮಾತಿಲ್ಲ. ಕೊನೆಗೆ ಕೇಳಿದೆ, ಐವತ್ತು ರೂಪಾಯಿ ಕೊಟ್ಟು ಹದಿನೆಂಟರ ಬಿಸ್ಕತ್ತು ತಗೊಂಡರೆ ಚಿಲ್ಲರೆ ಎಷ್ಟು ಬರುತ್ತೆ? ಬೆರಳು ಮಡಚಿದ, ಬಿಡಿಸಿದ, ಬರಲಿಲ್ಲ. ಎಲ್ಲರೂ ಅವನನ್ನು ಮೊಂಡ ಅಂದುಕೊಂಡಿದ್ದರು. ಪಾಪ, ಅವನಿಗೆ ಎಷ್ಟೋ ಪ್ರಶ್ನೆಗಳು ಅರ್ಥವೇ ಆಗಿರಲಿಲ್ಲ.

ಅದಕ್ಕೇ ಹೇಳುತ್ತಿದ್ದೇನೆ, ಮರ್ಯಾದೆ ಹೋಗುತ್ತೆ ಅಂತ ಏನನ್ನೂ ಮುಚ್ಚಿಡಬೇಡಿ. ಚಿಕ್ಕವನಿದ್ದಾಗ ಬಿದ್ದು ತಲೆಗೆ ಪೆಟ್ಟಾಗಿತ್ತಾ, ಫಿಟ್ಸ್ ಬರುತ್ತಿತ್ತಾ, ಸ್ಕೂಲು ಯಾವಾಗ ಬಿಟ್ಟ, ಗಾಂಜಾ ಇತ್ತಾ, ಮನೆಯಲ್ಲಿ ಹೊಡೆತ ಜಾಸ್ತಿ ಇತ್ತಾ, ಎಲ್ಲ ಹೇಳಿ. ಮುಂದೆ ಅವನಿಗೆ ಕೌನ್ಸೆಲಿಂಗ್ ಬೇಕಾ, ಚಟ ಬಿಡಿಸಬೇಕಾ, ಓದು ಮುಂದುವರಿಸಬೇಕಾ ಅಂತ ನಿರ್ಧರಿಸುವುದಕ್ಕೂ ಇದೇ ಆಧಾರ.

ಅಕಸ್ಮಾತ್ ದೊಡ್ಡವರ ಥರ ವಿಚಾರಣೆಯಾಗಿ ಶಿಕ್ಷೆಯಾದರೂ 21 ತುಂಬುವ ತನಕ ಜೈಲಿಗೆ ಕಳಿಸುವ ಹಾಗಿಲ್ಲ. ಆಗಲೂ ಬದಲಾಗಿದ್ದಾನಾ ಅಂತ ಮಕ್ಕಳ ನ್ಯಾಯಾಲಯ ಮತ್ತೆ ನೋಡುತ್ತದೆ, ಬಿಡಲೂಬಹುದು.

ವಕೀಲರಿಗೆ ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಮಕ್ಕಳಿಗೆ ಉಚಿತ. ಹೋಗುವಾಗ ಹಳೆ ಆಸ್ಪತ್ರೆ ಚೀಟಿ, ಮಾರ್ಕ್ಸ್ ಕಾರ್ಡ್ ಎಲ್ಲ ಒಂದು ಕವರಿನಲ್ಲಿ ಹಾಕಿಕೊಳ್ಳಿ.