ಕುದಿಯುವ ನೀರಿನಲ್ಲಿ ಜಿಯಾವ್‌ಜಿ ಒಡೆಯುವ ಬಗ್ಗೆ

ನೀರಿಗೆ ಹಾಕಿದ ಕೂಡಲೇ ಜಿಯಾವ್‌ಜಿಗಳು (ಹಿಟ್ಟಿನ ಹಾಳೆಯೊಳಗೆ ಹೂರಣ ತುಂಬಿ ಮಾಡುವ ಚೀನೀ ಕಡುಬುಗಳು) ಬಾಯಿಬಿಟ್ಟು ಹೂರಣವೆಲ್ಲ ನೀರುಪಾಲಾಗುತ್ತಿದೆ ಎಂದು ಬರೆದಿದ್ದೀರಿ. ಮೈದಾವನ್ನು ಬಿಸಿನೀರಿನಲ್ಲಿ ಕಲಸಿದ್ದಾಗಿಯೂ ತಿಳಿಸಿದ್ದೀರಿ. ನನ್ನ ಅಭಿಪ್ರಾಯದಲ್ಲಿ ಮೊದಲ ತೊಡಕು ಅಲ್ಲಿಯೇ ಇದೆ. ಬಿಸಿನೀರಿನಲ್ಲಿ ಕಲಸಿದ ಹಿಟ್ಟು ಮೆತ್ತಗಿದ್ದು ಹಬೆಯಲ್ಲಿ ಬೇಯಿಸಲು ಅಥವಾ ಕಾವಲಿಯ ಮೇಲೆ ಹುರಿಯಲು ಒಗ್ಗುತ್ತದೆ; ಆದರೆ ಕುದಿಸುವ ಜಿಯಾವ್‌ಜಿಗೆ ಉತ್ತರ ಚೀನಾದ ಮನೆಗಳಲ್ಲಿ ತಣ್ಣೀರನ್ನೇ ಬಳಸುತ್ತಾರೆ, ಏಕೆಂದರೆ ಆಗ ಗೋಧಿಯ ಗ್ಲುಟೆನ್ (ಹಿಟ್ಟಿಗೆ ಜಿಗುಟು ಕೊಡುವ ಪ್ರೋಟೀನ್) ಚೆನ್ನಾಗಿ ಬೆಳೆದು ಹಾಳೆಗೆ ಕುದಿತವನ್ನು ತಾಳುವ ಬಿಗಿ ಬರುತ್ತದೆ. 300 ಗ್ರಾಂ ಮೈದಾಕ್ಕೆ ಸುಮಾರು 150 ಮಿ.ಲೀ. ನೀರು ಸಾಕು, ಕಲಸಿದ ಮೇಲೆ ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಡಿ.

ಇನ್ನು ಹೂರಣದ ಎಲೆಕೋಸನ್ನು ಸಣ್ಣಗೆ ಹೆಚ್ಚಿ, ಉಪ್ಪು ಬೆರೆಸಿ, 15 ನಿಮಿಷದ ನಂತರ ಬಟ್ಟೆಯಲ್ಲಿ ಗಟ್ಟಿಯಾಗಿ ಹಿಂಡಬೇಕು. ಇದನ್ನು ಬಿಟ್ಟರೆ ಎಂಥ ಹಿಟ್ಟೂ ಉಳಿಯದು, ಏಕೆಂದರೆ ಜಿನುಗುವ ರಸವೂ ಎಣ್ಣೆಯೂ ಅಂಚಿಗೆ ತಗುಲಿದರೆ ಅದು ಅಂಟಿಕೊಳ್ಳುವುದೇ ಇಲ್ಲ.

ಹಾಳೆಯ ನಡುಭಾಗ ತುಸು ದಪ್ಪ, ಅಂಚು ತೆಳು ಇರುವಂತೆ ಲಟ್ಟಿಸಿ (ಚಪಾತಿ ಲಟ್ಟಿಸಿ ಪಳಗಿದ ಕೈಗೆ ಇದು ಮೊದಲು ತಪ್ಪೆಂದೇ ತೋರುತ್ತದೆ), ಒಳಗಿನ ಗಾಳಿಯನ್ನು ಹೊರಗೆ ಒತ್ತಿ ಅಂಚನ್ನು ಮುಚ್ಚಿ. ಬೇಯಿಸುವಾಗ ನೀರು ಉಕ್ಕಿ ಬಂದಾಗಲೆಲ್ಲ ಒಂದು ಲೋಟ ತಣ್ಣೀರು ಸುರಿಯಿರಿ. ಮಾಂಸದ ಹೂರಣವಿದ್ದರೆ ಹೀಗೆ ಮೂರು ಬಾರಿ ಮಾಡುವುದು ಉತ್ತರ ಚೀನಾದ ರೂಢಿ. ನಿಮ್ಮ ಎಲೆಕೋಸಿನ ಹೂರಣಕ್ಕೆ ಅಷ್ಟು ಬೇಕಾಗುವುದಿಲ್ಲ.