ಕಸಿ ಚಾಕು ಬಿಗಿಯಾದರೆ ಮೊದಲು ತೊಳೆಯಿರಿ, ಎಣ್ಣೆ ಆಮೇಲೆ

ಅಣ್ಣಾ, ನಿಮ್ಮ ಪ್ರಶ್ನೆ ನಿನ್ನೆ ರಾತ್ರಿಯೇ ನೋಡಿದ್ದೆ. ನಿದ್ದೆಗಣ್ಣಲ್ಲಿ ಇಷ್ಟುದ್ದ ಬರೆಯಲು ಆಗುವುದಿಲ್ಲ ಎಂದು ಬೆಳಿಗ್ಗೆಗೆ ಇಟ್ಟುಕೊಂಡೆ. ಗಿಡಕ್ಕೆ ಕಸಿ ಕಟ್ಟಲು ಬಳಸುವ, ಮೂರು ವರ್ಷ ಹಳೆಯ ಮಡಚುವ ಚಾಕು. ಈಗ ಬಿಡಿಸಲು ಹೋದರೆ ಉಗುರು ಕಿತ್ತು ಬರುತ್ತದೆ. ತೆಂಗಿನೆಣ್ಣೆ ಬಿಟ್ಟರೆ ಎರಡು ದಿನ ಸಲೀಸು, ಮೂರನೇ ದಿನ ಮತ್ತೆ ಬಿಗಿ. ಇಷ್ಟೇ ಅಲ್ವಾ ನಿಮ್ಮ ತೊಂದರೆ? ಮೇಲೆ ಒಬ್ಬರು ಗ್ರೀಸ್ ತುಂಬಿ ಎಂದಿದ್ದಾರೆ, ಇನ್ನೊಬ್ಬರು ಡಬ್ಲ್ಯೂಡಿ-40 (ತುಕ್ಕು ಸಡಿಲಿಸುವ ಸ್ಪ್ರೇ) ಹೊಡೆಯಿರಿ ಎಂದಿದ್ದಾರೆ. ಅದಕ್ಕೂ ಬರುತ್ತೇನೆ.

ಒಂದು ಮಾತು ಕೇಳುತ್ತೇನೆ. ಹಲಸಿನ ಮಯಣ ಕೈಗೆ ಹತ್ತಿದರೆ ಏನು ಮಾಡುತ್ತೀರಿ? ತೆಂಗಿನೆಣ್ಣೆ ಹಚ್ಚಿ ತಿಕ್ಕುತ್ತೀರಿ. ಮಯಣ ಬಿಟ್ಟುಕೊಂಡ ಮೇಲೆ ಬಟ್ಟೆಯಲ್ಲಿ ಒರೆಸಿ ಸೋಪು ಹಾಕಿ ತೊಳೆಯುತ್ತೀರಿ. ಚಾಕುವಿಗೆ ನೀವು ಮೊದಲನೆಯದನ್ನು ಮಾತ್ರ ಮಾಡಿದ್ದೀರಿ. ಎಣ್ಣೆ ಬಿದ್ದು ಒಳಗಿನ ಅಂಟು ಮೆತ್ತಗಾಯಿತು, ಚಾಕು ಆಡಿತು. ಆದರೆ ಆ ಅಂಟು ಹೊರಗೆ ಬರಲೇ ಇಲ್ಲ. ಎಣ್ಣೆ ಜೊತೆ ಸೇರಿ ಅಲ್ಲೇ ಕೂತಿತು. ಮೇಲಿಂದ ನಮ್ಮ ಮಲೆನಾಡಿನ ಚಳಿ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಬಚ್ಚಲಲ್ಲಿರುವ ಎಣ್ಣೆ ಬಾಟಲಿ ಡಿಸೆಂಬರ್ ಬೆಳಿಗ್ಗೆ ಹೇಗಿರುತ್ತದೆ ನೋಡಿ. ಚಾಕುವಿನ ಕೀಲಿನಲ್ಲೂ ಅದೇ ಕಥೆ.

ಹಾಗಾಗಿ ಮೊದಲು ಕೊಳೆ ಹೊರಗೆ ಬರಬೇಕು. ಎಣ್ಣೆ ಕೊನೆಯ ಕೆಲಸ, ಅದೂ ಒಂದೆರಡು ಹನಿ.

ಶುರು ಮಾಡುವ ಮುಂಚೆ ಚಾಕುವನ್ನು ಅರ್ಧ ಬಿಡಿಸಿ, ಬೆನ್ನಿನ ಕಡೆಯಿಂದ ಬೆಳಕಿಗೆ ಹಿಡಿದು ನೋಡಿ. ಅಲಗಿನ ಬುಡ ಒಂದು ಉಕ್ಕಿನ ಪಟ್ಟಿಯ ಮೇಲೆ ಒತ್ತಿಕೊಂಡು ತಿರುಗುವುದು ಕಾಣುತ್ತದೆ. ಆ ಪಟ್ಟಿಯೇ ಸ್ಪ್ರಿಂಗ್. ಬಿಡಿಸಿದಾಗಲೂ ಮಡಚಿದಾಗಲೂ ಟಕ್ ಎಂದು ನಿಲ್ಲಿಸುವುದು ಅದೇ. ಜನ ಎಣ್ಣೆ ಬಿಡುವುದು ಅಲಗಿನ ಎರಡು ಪಕ್ಕದ ಕೀಲಿಗೆ ಮಾತ್ರ. ಈ ಸ್ಪ್ರಿಂಗ್ ಪಟ್ಟಿ ಮತ್ತು ಅಲಗಿನ ಬುಡ ತಾಗುವ ಜಾಗವನ್ನು ಮರೆಯುತ್ತಾರೆ. ಬಿಗಿ ಹೆಚ್ಚಾಗಿ ಇರುವುದೇ ಅಲ್ಲಿ. ಕೊಳೆ, ಮಣ್ಣು, ಜೇಬಿನ ಬಟ್ಟೆಯ ನಾರು ಎಲ್ಲ ಆ ಸಂದಿಯಲ್ಲೇ ಸೇರುತ್ತದೆ.

ಬಿಡಿಸುವಾಗ ಉಗುರಿನ ಜೊತೆ ಯುದ್ಧ ಮಾಡಬೇಡಿ. ಹಳೆಯ ಸೈಕಲ್ ಟ್ಯೂಬಿನ ತುಂಡು ಇದ್ದರೆ ಅಲಗಿನ ಬೆನ್ನಿನ ಕಡೆಯಿಂದ ಹಿಡಿದು ಎಳೆಯಿರಿ, ಚೆನ್ನಾಗಿ ಹಿಡಿತ ಸಿಗುತ್ತದೆ. ಕಟಿಂಗ್ ಪ್ಲೇಯರ್ ಹಾಕಿ ಎಳೆಯುವವರನ್ನು ನೋಡಿದ್ದೇನೆ. ಜಾರಿದರೆ ಕೈ ಹೋಗುತ್ತದೆ, ಜಾರದಿದ್ದರೆ ಅಲಗಿಗೆ ಹಲ್ಲಿನ ಗುರುತು ಬೀಳುತ್ತದೆ.

ನಿಮ್ಮದು ಪ್ಲಾಸ್ಟಿಕ್ ಹಿಡಿ ಎಂದು ಬರೆದಿದ್ದೀರಿ, ಒಳ್ಳೆಯದಾಯಿತು. ಕೀಲಿಗೆ ಮತ್ತು ಬೆನ್ನಿನ ಸಂದಿಗೆ ತೆಂಗಿನೆಣ್ಣೆ ಬಿಟ್ಟು ಅರ್ಧ ಗಂಟೆ ಬಿಸಿಲಲ್ಲಿಡಿ. ಈ ಸಲ ಎಣ್ಣೆಯ ಕೆಲಸ ಅಂಟು ಬಿಡಿಸುವುದು ಮಾತ್ರ. ಆಮೇಲೆ ಹತ್ತು ಹದಿನೈದು ಸಲ ಬಿಡಿಸಿ ಮಡಚಿ. ಕೀಲಿನ ಪಕ್ಕದಿಂದ ಕಾಡಿಗೆಯಂಥ ಕಪ್ಪು ರಾಡಿ ಹೊರಗೆ ಬರುತ್ತದೆ. ಹತ್ತಿ ಬಟ್ಟೆಯಲ್ಲಿ ಒರೆಸಿ. ಮತ್ತೆ ಆಡಿಸಿ, ಮತ್ತೆ ಒರೆಸಿ. ಹಿಡಿಸೂಡಿಯ ಕಡ್ಡಿ ಒಂದನ್ನು ಮುರಿದು, ತುದಿಗೆ ತೆಳ್ಳಗೆ ಬಟ್ಟೆ ಸುತ್ತಿದರೆ ಹಿಡಿಯ ಒಳಗಿನ ಸೀಳಿಗೂ ಹೋಗುತ್ತದೆ. ಪಿನ್ನು, ಸ್ಕ್ರೂಡ್ರೈವರ್ ಹಾಕಿ ಕೆರೆಯಬೇಡಿ, ಒಳಗೆ ಗೀರು ಬಿದ್ದರೆ ಮುಂದಿನ ಕೊಳೆಗೆ ಅದೇ ಮನೆ.

ರಾಡಿ ಬರುವುದು ನಿಂತ ಮೇಲೆ ಒಂದು ಬಟ್ಟಲಲ್ಲಿ ಉಗುರು ಬೆಚ್ಚಗಿನ ನೀರು ತೆಗೆದುಕೊಳ್ಳಿ. ಪಾತ್ರೆ ತೊಳೆಯುವ ಲಿಕ್ವಿಡ್ ನಾಲ್ಕು ಹನಿ ಹಾಕಿ. ಚಾಕುವನ್ನು ನೀರಿನೊಳಗೇ ಹಿಡಿದು ಬಿಡಿಸಿ ಮಡಚಿ ಮಾಡಿ. ನೀರಿನಲ್ಲಿ ಕೈ ಜಾರುತ್ತದೆ, ಅವಸರ ಬೇಡ. ಹಳೆಯ ಟೂತ್‌ಬ್ರಷ್ ಇದ್ದರೆ ಬೆನ್ನಿನ ಸಂದಿಗೆ ಹಾಕಿ ಉಜ್ಜಿ. ಕೊನೆಗೆ ಬರೀ ನೀರಲ್ಲಿ ಇನ್ನೊಮ್ಮೆ. ಸ್ವಿಸ್ ಆರ್ಮಿ ಚಾಕು ಮಾಡುವ ವಿಕ್ಟೋರಿನಾಕ್ಸ್ ಕಂಪನಿಯೂ ತನ್ನ ಚಾಕುಗಳಿಗೆ ಹೇಳುವುದು ಹೆಚ್ಚು ಕಡಿಮೆ ಇದನ್ನೇ: ಬೆಚ್ಚಗಿನ ನೀರು, ಹಲವು ಸಲ ಆಡಿಸುವುದು, ಒಣಗಿಸುವುದು, ಕೀಲಿಗೆ ಒಂದು ಹನಿ ಎಣ್ಣೆ.

ಒಣಗಿಸುವುದರಲ್ಲಿ ಮಾತ್ರ ಕಳ್ಳಾಟ ಬೇಡ. ಹೊರಗೆ ಒಣಗಿದರೂ ಸ್ಪ್ರಿಂಗ್ ಅಡಿ ನೀರು ನಿಂತಿರುತ್ತದೆ. ಸೈಕಲ್ ಪಂಪಿನಿಂದ ನಾಲ್ಕು ಸಲ ಊದಿದರೆ ಎಷ್ಟು ನೀರು ಹಾರುತ್ತದೆ ಎಂದು ನಿಮಗೇ ಆಶ್ಚರ್ಯವಾಗುತ್ತದೆ. ಆಮೇಲೆ ಅರ್ಧ ಬಿಡಿಸಿ ಬಿಸಿಲಿಗಿಡಿ. ಮಳೆಗಾಲವಾದರೆ ಸರ್ಜಿಕಲ್ ಸ್ಪಿರಿಟ್ ಎರಡು ಹನಿ ಕೀಲಿಗೆ ಬಿಡಿ. ಅದು ನೀರಿನ ಜೊತೆ ಬೆರೆತು ಬೇಗ ಆರಿಹೋಗುತ್ತದೆ. ಬೆಂಕಿ ಹತ್ತಿರ ಬೇಡ. ಪೆಟ್ರೋಲಿನಲ್ಲಿ ಅದ್ದುವ ರೂಢಿ ಕೆಲವರಿಗಿದೆ, ಅದು ಬೇಡವೇ ಬೇಡ. ಬೆಂಕಿಯ ಭಯ ಒಂದು ಕಡೆ, ಕೆಲವು ಪ್ಲಾಸ್ಟಿಕ್ ಹಿಡಿಗಳು ಅದರಲ್ಲಿ ಹಾಳಾಗುತ್ತವೆ.

ಬಂದ ರಾಡಿ ಕಪ್ಪಗಿರದೆ ಇಟ್ಟಿಗೆ ಬಣ್ಣಕ್ಕಿದ್ದರೆ ಒಳಗೆ ತುಕ್ಕು ಹಿಡಿದಿದೆ ಎಂದರ್ಥ. ಆಗ ಡಬ್ಲ್ಯೂಡಿ-40 ಹೇಳಿದವರ ಮಾತು ಸರಿ. ಅದರ ಹೆಸರಲ್ಲೇ ಇದೆ, ಡಬ್ಲ್ಯೂಡಿ ಎಂದರೆ ನೀರನ್ನು ಹೊರದೂಡುವುದು, 40 ಎಂದರೆ 40ನೇ ಪ್ರಯತ್ನದಲ್ಲಿ ಸರಿಬಂದದ್ದು. ತುಕ್ಕು ಸಡಿಲಿಸಲು ಚೆನ್ನಾಗಿದೆ. ಹೊಡೆದು, ಆಡಿಸಿ, ಬಣ್ಣ ಬರುವುದು ನಿಲ್ಲುವ ತನಕ ಒರೆಸಿ. ಆದರೆ ಅದರ ಬಹುಪಾಲು ಆರಿಹೋಗುತ್ತದೆ, ಉಳಿಯುವುದು ತೆಳ್ಳನೆಯ ಪದರ. ಅದನ್ನೇ ನಂಬಿ ಬಿಟ್ಟರೆ ಸ್ವಲ್ಪ ದಿನಕ್ಕೆ ಮತ್ತೆ ಕಿರಿಕಿರಿ. ಅದರ ಮೇಲೆ ಎಣ್ಣೆ ಬೇಕೇ ಬೇಕು.

ಯಾವ ಎಣ್ಣೆ? ಹೊಲಿಗೆ ಮಿಷನ್ ಎಣ್ಣೆ. ಚಿಕ್ಕ ಬಾಟಲಿ ತಂದರೆ ವರ್ಷಗಟ್ಟಲೆ ಬರುತ್ತದೆ. ತೆಳ್ಳಗಿದೆ, ಸಂದಿಗೆ ತಾನೇ ಇಳಿಯುತ್ತದೆ, ಚಳಿಗೆ ಗಟ್ಟಿಯಾಗುವುದಿಲ್ಲ. ಅದೇ ಚಾಕುವಿನಲ್ಲಿ ಮಾವಿನಹಣ್ಣು ಕೊಯ್ದು ತಿನ್ನುವವರಾದರೆ ಮೆಡಿಕಲ್ ಶಾಪಿನ ಲಿಕ್ವಿಡ್ ಪ್ಯಾರಾಫಿನ್ ಸಾಕು. ಸೂರ್ಯಕಾಂತಿ ಎಣ್ಣೆ ಮಾತ್ರ ಮುಟ್ಟಬೇಡಿ. ಅಡುಗೆಮನೆಯ ಎಣ್ಣೆ ಡಬ್ಬಿಯ ಹೊರಗೆ ಒಂದು ಅಂಟಂಟು ಪದರ ಕೂತಿರುತ್ತದಲ್ಲ, ಸೋಪಿಗೂ ಜಗ್ಗದ್ದು, ಅದು ಕೀಲಿನೊಳಗೆ ಕೂತರೆ ಹಲಸಿನ ಮಯಣವೇ ಮೇಲು. ಗ್ರೀಸ್ ದೊಡ್ಡ ಬೇರಿಂಗಿಗೆ ಸರಿ. ಕೂದಲೆಳೆಯಷ್ಟು ಸಂದಿಗೆ ಅದು ಇಳಿಯುವುದೂ ಇಲ್ಲ, ಹೊರಗೆ ನಿಂತು ತೋಟದ ಧೂಳನ್ನೆಲ್ಲ ಕರೆದು ಕೂರಿಸುತ್ತದೆ. ಬೈಕಿನ ಎಂಜಿನ್ ಆಯಿಲ್ ಬಗ್ಗೆಯೂ ನನ್ನ ಅಭಿಪ್ರಾಯ ಇದೇ.

ಹನಿ ಹಾಕುವುದಕ್ಕೂ ಹಿಡಿಸೂಡಿ ಕಡ್ಡಿಯೇ. ತುದಿಯನ್ನು ಎಣ್ಣೆಗೆ ಅದ್ದಿ ಎತ್ತಿದರೆ ಒಂದು ಸಣ್ಣ ಮಣಿ ನಿಲ್ಲುತ್ತದೆ. ಅಲಗಿನ ಎಡಕ್ಕೆ ಒಂದು, ಬಲಕ್ಕೆ ಒಂದು, ಬೆನ್ನಿನ ಸಂದಿಗೆ ಒಂದು. ಮುಟ್ಟಿಸಿದ ಕೂಡಲೇ ಮಣಿ ಒಳಗೆ ಎಳೆದುಕೊಂಡು ಮಾಯವಾಗುತ್ತದೆ. ಇಪ್ಪತ್ತು ಸಲ ಆಡಿಸಿ, ಐದು ನಿಮಿಷ ಬಿಟ್ಟು, ಹೊರಗೆ ಬಂದದ್ದನ್ನು ಪೂರ್ತಿ ಒರೆಸಿ. ಮುಟ್ಟಿದರೆ ಬೆರಳಿಗೆ ಎಣ್ಣೆ ಹತ್ತಬಾರದು, ಅಷ್ಟು.

ಒರೆಸಿ ಎಂದು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಇದು ಕಸಿ ಚಾಕು. ಕೀಲಿನ ಎಣ್ಣೆ ಮೆಲ್ಲಗೆ ಅಲಗಿನ ಮೇಲೆ ಹರಡಿ, ಕಸಿ ಕಡ್ಡಿಯ ಹಸಿ ಗಾಯಕ್ಕೆ ಹತ್ತಿದರೆ ಎರಡು ಮುಖಗಳ ನಡುವೆ ಪದರವಾಗಿ ನಿಲ್ಲುತ್ತದೆ. ಬೆಸುಗೆಗೆ ಅದು ಅಡ್ಡಿ. ನಾನು ಕಸಿಗೆ ಕೂರುವ ಮುಂಚೆ ಅಲಗನ್ನು ಬುಡದಿಂದ ತುದಿಗೆ ಸ್ಪಿರಿಟ್ ಹತ್ತಿಯಲ್ಲಿ ಒರೆಸುತ್ತೇನೆ, ಗಿಡದಿಂದ ಗಿಡಕ್ಕೆ ಹೋಗುವಾಗಲೂ ಒರೆಸುತ್ತೇನೆ. ಎಣ್ಣೆಯೂ ಹೋಗುತ್ತದೆ, ರೋಗ ದಾಟುವುದೂ ಕಡಿಮೆಯಾಗುತ್ತದೆ. ಬ್ಲೀಚಿಂಗ್ ನೀರಿನಲ್ಲಿ ಅದ್ದುವವರು ಜೋಪಾನ, ಅದು ಉಕ್ಕನ್ನು ತಿನ್ನುತ್ತದೆ.

ಮರದ ಹಿಡಿ ಇರುವವರಿಗೆ ಎರಡು ಮಾತು. ನೀರಲ್ಲಿ ಮುಳುಗಿಸಬೇಡಿ. ನನ್ನ ಅಕ್ಕನ ಮಗ ಫ್ರಾನ್ಸಿನ ಒಪಿನೆಲ್ ಚಾಕು ತಂದುಕೊಟ್ಟಿದ್ದ. 1890ರಿಂದ ಆ ಕಡೆಯ ಬೆಟ್ಟದ ರೈತರು ಜೇಬಲ್ಲಿ ಇಟ್ಟುಕೊಂಡು ಬಂದ ಚಾಕು, ಸ್ಪ್ರಿಂಗ್ ಇಲ್ಲ, ಮರದ ಸೀಳಿನಲ್ಲೇ ಅಲಗು ಕೂರುತ್ತದೆ. ನಮ್ಮ ಜುಲೈ ಮಳೆಗೆ ಹಿಡಿ ಉಬ್ಬಿ ಅಲಗು ಅಲುಗಲಿಲ್ಲ. ಅದಕ್ಕೆ ಎಣ್ಣೆ ಎಷ್ಟು ಹಾಕಿದರೂ ಸುಮ್ನೆ. ಬೀಗದ ಉಂಗುರ ಸಡಿಲಿಸಿ, ಹಿಡಿಯ ಹಿಂಬದಿಯನ್ನು ಮೇಜಿನ ಅಂಚಿಗೆ ಟಕ್ ಎಂದು ಕುಟ್ಟಿದರೆ ಅಲಗಿನ ತುದಿ ಅಷ್ಟು ಹೊರಗೆ ಬರುತ್ತದೆ, ಹಿಡಿದು ಎಳೆಯಬಹುದು. ಆಮೇಲೆ ನೆರಳಲ್ಲಿ ನಾಲ್ಕು ದಿನ. ಅವಸರಕ್ಕೆ ಒಲೆಯ ಹತ್ತಿರ ಇಟ್ಟು ಹಿಡಿಗೆ ಬಿರುಕು ಬರಿಸಿಕೊಂಡವನು ನಾನು.

ಇಷ್ಟೆಲ್ಲ ಮಾಡಿಯೂ ಬಿಗಿ ಇದ್ದರೆ ರಿವೆಟ್ ನೋಡಿ, ಅಂದರೆ ಅಲಗನ್ನು ಹಿಡಿಗೆ ಸೇರಿಸಿರುವ ಕೀಲಿನ ಮೊಳೆ. ಸ್ಕ್ರೂ ಇರುವ ಚಾಕುವಾದರೆ ಕೂದಲೆಳೆಯಷ್ಟು ಸಡಿಲಿಸಿ, ಅಲಗನ್ನು ಅಕ್ಕಪಕ್ಕ ಅಲುಗಿಸಿ ನೋಡಿ. ಅಲ್ಲಾಡಿದರೆ ಜಾಸ್ತಿಯಾಯಿತು. ಬರೀ ರಿವೆಟ್ ಇದ್ದರೆ ಸುತ್ತಿಗೆ ಮುಟ್ಟಬೇಡಿ. ಸಡಿಲಿಸಲು ಹೋಗಿ ಕೀಲು ಅಲ್ಲಾಡತೊಡಗಿದರೆ ಆ ಚಾಕುವಿನಲ್ಲಿ ನೇರ ಕೊಯ್ತ ಬರುವುದಿಲ್ಲ.

ನೀವು ಕೇಳಿದ ಇನ್ನೊಂದು ಪ್ರಶ್ನೆ, ಎಷ್ಟು ದಿನಕ್ಕೊಮ್ಮೆ ಎಂದು. ಹಲಸು, ಮಾವು, ಸಪೋಟ ಕೊಯ್ದ ದಿನ ಸಂಜೆಯೇ ಅಂಟು ಒರೆಸಿ ಮಡಚಿಡಿ, ಹಸಿ ಇರುವಾಗ ಎರಡು ನಿಮಿಷದ ಕೆಲಸ. ಪೂರ್ತಿ ತೊಳೆದು ಎಣ್ಣೆ ಹಾಕುವುದು ಕಸಿ ಸೀಸನ್ ಶುರುವಿಗೆ ಒಮ್ಮೆ, ಮುಗಿದ ಮೇಲೆ ಒಮ್ಮೆ. ಮಳೆಗಾಲದಲ್ಲಿ ಚರ್ಮದ ಚೀಲದೊಳಗೆ ಇಟ್ಟು ಮರೆಯಬೇಡಿ, ಚರ್ಮ ತೇವ ಹಿಡಿದಿಟ್ಟುಕೊಳ್ಳುತ್ತದೆ.

ಇನ್ನೊಂದು. ಮೂರು ವರ್ಷ ಬಿಗಿ ಚಾಕು ಹಿಡಿದ ಕೈ ನಿಮ್ಮದು, ಬಲ ಹಾಕಿಯೇ ಅಭ್ಯಾಸ. ನಾನು ಹೀಗೆ ಸರಿ ಮಾಡಿದ ಮರುದಿನ ಎಂದಿನಂತೆ ಜೋರಾಗಿ ಮಡಚಿದೆ, ಅಲಗು ಹಾರಿ ಬಂದು ತೋರುಬೆರಳಿಗೆ ಕೂತಿತು. ಗುರುತು ಇನ್ನೂ ಇದೆ. ಮಡಚುವಾಗ ಬೆರಳನ್ನು ಹಿಡಿಯ ಸೀಳಿನಿಂದ ದೂರ ಇಟ್ಟುಕೊಳ್ಳಿ. ರಾಡಿ ಯಾವ ಬಣ್ಣದ್ದು ಬಂತು ಎಂದು ಒಂದು ಫೋಟೋ ಹಾಕಿ, ತುಕ್ಕೋ ಅಂಟೋ ನೋಡಿ ಹೇಳುತ್ತೇನೆ.