ಪ್ರತಿಕ್ರಿಯೆ: ಕೋಸ್ಟ್ ಗಾರ್ಡ್ ಪೈಲಟ್ ಮುಖ್ಯಸ್ಥನಾಗಬಹುದೇ?

ನಿಮ್ಮ ತಮ್ಮ ಕೋಸ್ಟ್ ಗಾರ್ಡ್‌ನಲ್ಲಿ, ಅಂದರೆ ಕರಾವಳಿ ಕಾವಲು ಪಡೆಯಲ್ಲಿ, ಪೈಲಟ್ ಆಗಬೇಕೆಂದಿದ್ದಾನೆ, ಆದರೆ ದೊಡ್ಡ ಹುದ್ದೆಗಳು ಹಡಗಿನವರಿಗೇ ಮೀಸಲಂತೆ, ನಿಜವೇ ಎಂದು ಕೇಳಿದ್ದೀರಿ. ಇಲ್ಲ. ವೀರೇಂದ್ರ ಸಿಂಗ್ ಪಠಾನಿಯಾ ಅವರನ್ನೇ ನೋಡಿ. ಅವರು ಹೆಲಿಕಾಪ್ಟರ್ ಪೈಲಟ್. ಶೌರ್ಯಕ್ಕಾಗಿ ತಟರಕ್ಷಕ ಪದಕ ಪಡೆದವರು. 2021ರ ಡಿಸೆಂಬರ್ 31ರಂದು ಪಡೆಯ 24ನೆಯ ಮಹಾನಿರ್ದೇಶಕರಾದರು, ಅಂದರೆ ಮುಖ್ಯಸ್ಥರಾದರು.

ಆದರೆ ಗಮನಿಸಿ, ಅವರು ಹಡಗುಗಳನ್ನೂ ಮುನ್ನಡೆಸಿದ್ದರು. ಮೇಲೇರುವ ಗುಟ್ಟು ಇರುವುದು ಅಲ್ಲಿಯೇ ಎಂಬುದು ನನ್ನ ಅನಿಸಿಕೆ. ಅಸಿಸ್ಟೆಂಟ್ ಕಮಾಂಡೆಂಟ್ ಆಗಿ ಸೇರಿದ ಹುಡುಗ ಕಮಾಂಡೆಂಟ್, ಡಿಐಜಿ, ಐಜಿ ಎಂದು ಮೆಟ್ಟಿಲು ಹತ್ತಿದಂತೆಲ್ಲ ಕಾಕ್‌ಪಿಟ್ ದೂರವಾಗಿ ಕಡತಗಳು ಹತ್ತಿರವಾಗುತ್ತವೆ. ಹಾರಾಟವೊಂದೇ ಬೇಕೆನ್ನುವವನಿಗೆ ಇದು ಬೇಸರದ ಸಂಗತಿ, ಮೊದಲೇ ತಿಳಿದಿರಲಿ.

ಇನ್ನೊಂದು ಹಳೆಯ ಗೋಡೆಯೂ ಬಿದ್ದಿದೆ. 1978ರಲ್ಲಿ ಕಾಯ್ದೆಯ ಮೂಲಕ ರೂಪುಗೊಂಡ ಈ ಪಡೆಗೆ ದಶಕಗಳ ಕಾಲ ಹೆಚ್ಚಾಗಿ ನೌಕಾಪಡೆಯ ಅಧಿಕಾರಿಗಳೇ ಮುಖ್ಯಸ್ಥರಾಗಿದ್ದರು. 2016ರಲ್ಲಿ ಪಡೆಯ ಸ್ವಂತ ಅಧಿಕಾರಿ ರಾಜೇಂದ್ರ ಸಿಂಗ್ ಅವರಿಗೆ ಆ ಕುರ್ಚಿ ದಕ್ಕಿತು.

ಅಪಾಯದ ಮಾತನ್ನೂ ಮನೆಯಲ್ಲಿ ಆಡಿಕೊಳ್ಳಿ. ನಮ್ಮ ಬೆಂಗಳೂರಿನ ಎಚ್‌ಎಎಲ್ ತಯಾರಿಸುವ ಧ್ರುವ್ ಮಾದರಿಯ, ಕೋಸ್ಟ್ ಗಾರ್ಡ್‌ನ ಹೆಲಿಕಾಪ್ಟರ್ 2025ರ ಜನವರಿ 5ರಂದು ಗುಜರಾತಿನ ಪೋರಬಂದರಿನಲ್ಲಿ ಬಿದ್ದು ಮೂವರು ತೀರಿಕೊಂಡರು. ಬಿರುಗಾಳಿಯಲ್ಲಿ ಮೀನುಗಾರರನ್ನು ಹಗ್ಗದಿಂದ ಮೇಲೆತ್ತುವುದೂ ಈ ಪೈಲಟ್‌ಗಳ ಕೆಲಸವೇ. ತಮ್ಮನಿಗೆ ಈಜು ಬರುತ್ತದೆಯೇ?